ಮಲಗುವ ಮುಂಚೆ ಕೀಲಿ

ಬೀದರಿನ ಯಾವ ಕಚೇರಿಗೆ ಹೋದರೂ ಒಬ್ಬ ‘ಲಾಕ್ ಸಾಹೇಬರು’ ಸಿಗುತ್ತಾರೆ. ನಾನು ಹೇಳುವವರು ಸಿಬ್ಬಂದಿ ಶಾಖೆಯವರು. ಮನೆ ಭಾಲ್ಕಿ, ನೌಕರಿ ಬೀದರ್, ಭಯ ಔರಾದಿಗೆ ವರ್ಗವಾದೀತೆಂದು.

ಚಹಾಕ್ಕೆ ಏಳುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತುತ್ತಾರೆ. ಬಾಗಿಲತನಕ ಹೋಗಿ, ತಿರುಗಿ ಬಂದು, ಮೌಸ್ ಅಲುಗಿಸಿ, ಕಂಪ್ಯೂಟರ್ ಪಾಸ್‌ವರ್ಡ್ ಕೇಳಿದ್ದನ್ನು ಕಣ್ಣಾರೆ ಕಂಡೇ ಹೋಗುತ್ತಾರೆ. “ಅದು ತಾನೇ ಮಲಗ್ತದಲ್ರಿ ಸರ್” ಎಂದು ಪಕ್ಕದ ಮೇಜಿನ ಹುಡುಗ ಅಂದನೋ, ಮುಗಿಯಿತು.

“ಮಲಗೋದು ಬ್ಯಾರೆ, ಕೀಲಿ ಹಾಕೋದು ಬ್ಯಾರೆ ತಮ್ಮಾ. ನಮ್ಮ ಕಿಲ್ಲಾಕ್ಕ ಮೂರು ಸುತ್ತಿನ ಕಂದಕ ಅವ, ಶರ್ಜಾ ದರ್ವಾಜಾ ಅದ, ಗುಂಬಜ್ ದರ್ವಾಜಾ ಅದ. ಸುಲ್ತಾನರು ಮಲಗೋ ಮುಂಚೆ ದರ್ವಾಜಾ ಬಂದ್ ಮಾಡ್ತಿದ್ರೋ, ಎದ್ದಮ್ಯಾಲೋ?”

ಮಾತು ಖರೆ. ಮುಚ್ಚಳ ಮುಚ್ಚಿದೊಡನೆ ಲ್ಯಾಪ್‌ಟಾಪ್ ಮಲಗಿಬಿಟ್ಟು ಬೀಗ ಹಿಂದುಳಿದರೆ, ಮತ್ತೆ ತೆರೆದಾಗ ಪಾಸ್‌ವರ್ಡಿನ ಚೌಕಕ್ಕಿಂತ ಮೊದಲು ಹಳೆಯ ಪುಟ ಒಂದು ಕ್ಷಣ ಮಿಂಚಿ ಮಾಯವಾಗಬಹುದು. ಅದಕ್ಕೇ ಲಿನಕ್ಸ್‌ನ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯಲ್ಲಿ ‘ಬೀಗ ಬೀಳುವತನಕ ತಾಳು’ ಎಂದು ನಿದ್ದೆಯನ್ನು ತಡೆಯುವ ಏರ್ಪಾಡಿದೆ. ಗಡುವು ಮಾಮೂಲಾಗಿ 5 ಸೆಕೆಂಡು. ವಿಂಡೋಸ್‌ನಲ್ಲಾದರೆ, ನಿದ್ದೆಯಿಂದೆದ್ದಾಗ ಸೈನ್-ಇನ್ ಕೇಳಬೇಕೆಂದು ಸೆಟ್ಟಿಂಗಿನಲ್ಲಿ ಆರಿಸಿಟ್ಟರಾಯಿತು.

ಸಾಹೇಬರು ಇದನ್ನು ಯಾರೂ ಕೇಳದಿದ್ದರೂ ಇಡೀ ಶಾಖೆಗೆ ಮಾಡಿಕೊಟ್ಟಿದ್ದಾರೆ. ತಮ್ಮದಕ್ಕಂತೂ ಮುಟ್ಟದೆ ಬಿಟ್ಟರೆ 1 ನಿಮಿಷಕ್ಕೇ ಬೀಗ. ಪಿಂಚಣಿ ಕಾಗದ ಹಿಡಿದು ಬಂದ ನಿವೃತ್ತ ಮಾಸ್ತರರು ಊರು, ಅಡ್ಡಹೆಸರು, ತಂದೆಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಪರದೆ ಬಂದ್.

“ಹೆಸರು ಭಾಳ ಉದ್ದಾಯ್ತ್ರಿ ಮಾಸ್ತರ. ಇನ್ನೊಮ್ಮೆ ಹೇಳ್ರಿ, ಸ್ವಲ್ಪ ಜಲ್ದಿ.”

ಸಂಜೆ ಭಾಲ್ಕಿ ಕಡೆಯ ರೈಲು. ಕಿಟಕಿ ಪಕ್ಕದ ಸೀಟು, ಕೈಯಲ್ಲಿ ಶೇಂಗಾ ಪೊಟ್ಟಣ. “ಯಾರಿಗೂ ಹೇಳಬ್ಯಾಡ್ರಿ, ನಿಮಗಂತ ಹೇಳ್ಲತ್ತೀನಿ” ಎಂದು ಶುರುವಾಗುತ್ತದೆ. ಯಾರ ಇನ್‌ಕ್ರಿಮೆಂಟ್ ನಿಂತಿದೆ, ಯಾರಿಗೆ ನೋಟಿಸ್ ಹೋಗಿದೆ, ಮಗಳ ಮದುವೆಗೆಂದು ಜಿಪಿಎಫ್ ತೆಗೆದು ಪ್ಲಾಟ್ ಕೊಂಡವರು ಯಾರು, ಈ ಸಲ ಔರಾದಿಗೆ ಯಾರು. ಹಲಬರ್ಗಾ ದಾಟುವಷ್ಟರಲ್ಲಿ ಎದುರು ಸೀಟಿನ ತರಕಾರಿ ಕಾಕುಗೂ ಇಡೀ ಶಾಖೆಯ ಸರ್ವಿಸ್ ಬುಕ್ ಬಾಯಿಪಾಠ.

ಅಷ್ಟರಲ್ಲಿ ಸಾಹೇಬರಿಗೆ ಜೊಂಪು. ಅರ್ಧ ಹೇಳಿದ ಮಾತು ಬಾಯಲ್ಲೇ. ಕಾಕು ಮೊಣಕಾಲು ತಟ್ಟಿ, “ಸಾಹೇಬ್ರ, ಆ ನೋಟಿಸಿಂದು ಮುಂದೇನಾಯ್ತ್ರಿ?” ಎನ್ನುತ್ತಾಳೆ. ಸಾಹೇಬರು ಕಣ್ಣು ಬಿಡುತ್ತಾರೆ. ಪಾಸ್‌ವರ್ಡ್ ಗೀಸ್‌ವರ್ಡ್ ಏನೂ ಕೇಳದೆ, ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಾರೆ.