ಕುಲಾವಿ ಹೊಲಿಯುವ ಕಾಲ

ಸೌದಿಯ ಅಲ್ ಖೋಬರಿನಲ್ಲಿ ನಾಲ್ಕು ಮಂದಿ ಕನ್ನಡದವರು ಸೇರಿದರೆ ಮೊದಲು ಇಕಾಮಾ ಎಂಬ ವಾಸದ ಪರವಾನಗಿಯ ಮಾತು, ಆಮೇಲೆ ರಿಯಾಲಿನ ಮಾತು, ಊಟವಾದ ಮೇಲೆ ಮಕ್ಕಳ ಕಾಲೇಜಿನ ಮಾತು. ಮಕ್ಕಳು ಹನ್ನೊಂದನೇ ತರಗತಿಗೆ ಬಂದರೋ, ಈ ಕ್ರಮ ತಲೆಕೆಳಗು. ಸುಲೈಮಾನಿ ಚಹಾ ಬರುವ ಮೊದಲೇ "ನಿಮ್ಮವನದ್ದು ಎಂತ ಪ್ಲಾನು?" ಎಂಬ ಪ್ರಶ್ನೆ ಬರುತ್ತದೆ. "ಇನ್ನೂ ಒಂದೂವರೆ ವರ್ಷ ಉಂಟಲ್ಲ" ಎಂದರೆ, ಪಾಸ್‌ಪೋರ್ಟಿನ ಅವಧಿ ಮುಗಿದವನನ್ನು ನೋಡಿದ ಹಾಗೆ ಎಲ್ಲರೂ ನೋಡುತ್ತಾರೆ.

ಕೂಸು ಹುಟ್ಟುವ ಮುನ್ನವೇ ಕುಲಾವಿಯೇ ಎಂದು ಪುತ್ತೂರಿನಲ್ಲಿರುವ ನನ್ನ ತಮ್ಮ ನಗುತ್ತಾನೆ. ನಗಲಿ ಪಾಪ. ಅವನ ಮಗಳಿಗೆ ಯಾವ ಸೀಟೂ ಸಿಗದಿದ್ದರೆ ಒಂದು ವರ್ಷ ಮನೆಯಲ್ಲಿ ಕೂತು ಓದಬಹುದು. ಇಲ್ಲಿ ಮನೆಯಲ್ಲಿ ಕೂರುವುದಕ್ಕೂ ಬಾಡಿಗೆ. ಮಗ ಈ ದೇಶದಲ್ಲಿರುವುದು ನನ್ನ ಇಕಾಮಾದ ಬಾಲ ಹಿಡಿದು. 2017ರಲ್ಲಿ ತಲೆಗೆ ತಿಂಗಳಿಗೆ 100 ರಿಯಾಲಿನಿಂದ ಶುರುವಾದ ಅವಲಂಬಿತರ ಶುಲ್ಕ 2020ಕ್ಕೆ 400 ಮುಟ್ಟಿತು. ಇಲ್ಲೇ ಓದಿಸೋಣವೆಂದರೆ, ಪಕ್ಕದ ಧಹ್ರಾನಿನಲ್ಲಿ 1963ರಲ್ಲಿ ಹುಟ್ಟಿದ ಹೆಸರಾಂತ ಪೆಟ್ರೋಲಿಯಂ ವಿಶ್ವವಿದ್ಯಾಲಯವೇನೋ ಉಂಟು. ಅದರ ಎದುರು ಕಾರು ಓಡಿಸುವ ಯೋಗ ಎಲ್ಲರಿಗೂ. ಒಳಗೆ ಕೂತು ಓದುವ ಯೋಗ ಹೊರದೇಶದ ಮಕ್ಕಳಲ್ಲಿ ಕೆಲವರಿಗೆ ಮಾತ್ರ.

ಹಾಗಾಗಿ ನಮ್ಮ ಮನೆಯಲ್ಲಿ ಫೈಲುಗಳು ಹುಟ್ಟಿಕೊಂಡವು. ಖಾತೆ ನನ್ನ ಹೆಂಡತಿಯದ್ದು.

ಹಸಿರು ಫೈಲು ಸುರತ್ಕಲ್ಲಿನ ಎನ್‌ಐಟಿಕೆಗೆ. ಹೊರದೇಶದಲ್ಲಿ ಓದಿದ ಮಕ್ಕಳಿಗಾಗಿ ಡಾಸಾ ಎಂಬ ಯೋಜನೆ 2001ರಿಂದ ಇದೆ. ಅದರೊಳಗೆ ಗಲ್ಫಿನಲ್ಲಿ ದುಡಿಯುವವರ ಮಕ್ಕಳಿಗೆಂದೇ ಒಂದು ಪಾಲು. ಶುಲ್ಕ ಉಳಿದ ಡಾಸಾದವರ ಡಾಲರ್ ಲೆಕ್ಕಕ್ಕಿಂತ ಬಹಳ ಕಡಿಮೆ. ಹಿಂದೆ ಸ್ಯಾಟ್ ಅಂಕ ಕೇಳುತ್ತಿದ್ದರು, ಈಗ ಜೆಇಇ ಮೇನ್. ಜೊತೆಗೆ ನಾನು ಇಲ್ಲಿ ನಿಜವಾಗಿಯೂ ಕೆಲಸ ಮಾಡುತ್ತಿದ್ದೇನೆ ಎಂಬ ಪ್ರಮಾಣಪತ್ರ. ಇಷ್ಟು ವರ್ಷಗಳಲ್ಲಿ ಆ ಬಗ್ಗೆ ಪುರಾವೆ ಕೇಳಿದವರು ಇವರೇ ಮೊದಲು.

ಕೆಂಪು ಫೈಲು ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರಕ್ಕೆ. ಸಿಇಟಿ ಸೀಟಿಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬುದು ಮೂಲ ನಿಯಮ. ಪ್ರತಿ ರಜೆಯಲ್ಲಿ ಅಜ್ಜನ ಮನೆಯ ಜಗಲಿಯಲ್ಲಿ ಕೂತು ತಿಂದ ಹಲಸಿನ ಹಣ್ಣು ಲೆಕ್ಕಕ್ಕಿಲ್ಲ. ನಿಯಮದ ಕೆಳಗೆ ಅಪ್ಪ ಅಮ್ಮ ಎಲ್ಲಿ ಓದಿದರು, ಎಲ್ಲಿ ನೌಕರಿ ಮಾಡಿದರು ಎಂದೆಲ್ಲ ಉಪನಿಯಮಗಳಿವೆ. ಅವನ್ನು ಅರ್ಥ ಮಾಡಿಕೊಳ್ಳಲು ಪೋಷಕರಿಗೆ ಬೇರೆಯೇ ಒಂದು ಸಿಇಟಿ ಇಡಬೇಕು.

ಬಿಳಿ ಫೈಲು ನೀಟ್‌ಗೆ. 2022ರಲ್ಲಿ ರಿಯಾದಿನಲ್ಲೇ ಪರೀಕ್ಷಾ ಕೇಂದ್ರ ಕೊಟ್ಟರು. 2024ರಲ್ಲಿ ಮೊದಲು ಹೊರದೇಶದ ಕೇಂದ್ರಗಳನ್ನೆಲ್ಲ ಕೈಬಿಟ್ಟು, ಗಲ್ಫಿನ ಅಪ್ಪ ಅಮ್ಮಂದಿರು ಬೊಬ್ಬೆ ಹೊಡೆದ ಮೇಲೆ ಮತ್ತೆ ಸೇರಿಸಿದರು. ಇದನ್ನೆಲ್ಲ ನನ್ನ ಹೆಂಡತಿ ತಾರೀಖು ಸಮೇತ ಬರೆದಿಟ್ಟಿದ್ದಾಳೆ. ಮಗ ಜೀವಶಾಸ್ತ್ರ ತೆಗೆದುಕೊಂಡೇ ಇಲ್ಲ. "ಇರ್ಲಿ, ಫೈಲು ಎಂತ ಅನ್ನ ಕೇಳ್ತದಾ?" ಎನ್ನುತ್ತಾಳೆ.

ನೀಲಿಯದು ಅಮೆರಿಕಕ್ಕೆ. ಅಲ್ಲಿನ ಕಾಮನ್ ಆ್ಯಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆದುಕೊಳ್ಳುತ್ತದೆ. ತನ್ನ ಬಗ್ಗೆ ತಾನೇ 650 ಪದ ಮೀರದ ಹಾಗೆ ಪ್ರಬಂಧ ಬರೆಯಬೇಕು. ಕೊಟ್ಟ ವಿಷಯಗಳಲ್ಲೊಂದು, ಎದುರಿಸಿದ ಕಷ್ಟ ಮತ್ತು ಅದರಿಂದ ಕಲಿತದ್ದು. ಹೊರಗೆ ನಲವತ್ತೈದು ಡಿಗ್ರಿ. ಮಗ ಎಸಿಯ ಕೆಳಗೆ ಹೊದ್ದುಕೊಂಡು ಯೋಚಿಸಿದ.

"ಅಪ್ಪಾ, ನನಗೆ ಕಷ್ಟವೇ ಬರ್ಲಿಲ್ಲ. ಎಂತ ಬರೆಯುದು?"

"ನನ್ನದು ಬೇಕಾದಷ್ಟು ಉಂಟು. ಜೋರು ಮಳೆಯಲ್ಲಿ ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋದದ್ದು..."

"ನಿಮ್ಮ ಸಂಕದ ಕತೆ ಚಿಕ್ಕಂದಿನಿಂದ ಕೇಳಿದ್ದೇ ನನ್ನ ಕಷ್ಟ ಅಂತ ಬರೆಯಲಾ?"

"ಬರಿ, ಬರಿ, ನಾನು ಸಾಕ್ಷಿ ಹೇಳ್ತೇನೆ" ಎಂದಿತು ಅಡುಗೆಮನೆ.

ಮರ್ಯಾದೆ ಉಳಿಸಿಕೊಳ್ಳಲು ನಾನು ದಮ್ಮಾಮಿನ ಏಳನೇ ಬಾವಿಯನ್ನು ಎಳೆದು ತಂದೆ. ಅಮೆರಿಕದ ಕಂಪನಿಯವರು ಇಲ್ಲಿ ಕೊರೆಯಲು ತೊಡಗಿದ್ದು 1935ರಲ್ಲಿ. ಮೊದಲ ಆರು ಬಾವಿಗಳಲ್ಲಿ ಹೇಳಿಕೊಳ್ಳುವಂಥ ಎಣ್ಣೆ ಇಲ್ಲ. 1938ರ ಮಾರ್ಚಿನಲ್ಲಿ ಏಳನೆಯದು ಉಕ್ಕಿತು. ನಾವೆಲ್ಲ ಅನ್ನ ತಿನ್ನುತ್ತಿರುವುದು ಅದರಿಂದ. "ಬೇಗ ಶುರು ಮಾಡಿದ್ದಕ್ಕೆ ತಾನೇ ಏಳನೆಯದಕ್ಕೆ ಸಮಯ ಸಿಕ್ಕಿದ್ದು?" ಎಂದೆ.

"ಅವರಿಗೆ ಎಣ್ಣೆ ಬೇಕು ಅಂತ ಗೊತ್ತಿತ್ತು ಅಪ್ಪಾ. ನನಗೆ ಎಂತ ಬೇಕು ಅಂತ ನನಗೇ ಗೊತ್ತಿಲ್ಲ, ನೀವು ಆಗಲೇ ನಾಲ್ಕು ಕಡೆ ಕೊರೆದಾಯ್ತು."

ಮಾತು ಸರಿಯೇ. ಸೀಟು ಸಿಗಬಹುದು, ಸಿಗದಿರಬಹುದು. ಯಾವ ಊರಿನ ಯಾವ ಕಾಲೇಜೋ ಅದೂ ಗೊತ್ತಿಲ್ಲ. ಅವನು ಹೊರಡುವುದು ಮಾತ್ರ ಖಂಡಿತ. ನಮ್ಮ ಕೈಯಲ್ಲಿರುವುದು ಜೆರಾಕ್ಸ್ ತೆಗೆಯುವ ಕೆಲಸ ಒಂದೇ. ಅದನ್ನಾದರೂ ಬೇಗ ಮಾಡಿಟ್ಟರೆ ರಾತ್ರಿ ನಿದ್ದೆ ಬರುತ್ತದೆ. ಗಲ್ಫಿನ ಅಪ್ಪ ಅಮ್ಮಂದಿರ ಮುಂಜಾಗ್ರತೆಯ ಗುಟ್ಟು ಇಷ್ಟೇ.

ಇದನ್ನು ಅವನಿಗೆ ಹೇಳುವುದು ಹೇಗೆಂದು ಯೋಚಿಸುತ್ತಿರುವಾಗಲೇ ಅವನು ಕೇಳಿದ, "ನಾನು ಹೋದ ಮೇಲೆ ನೀವಿಬ್ರು ಊರಿಗೆ ಬರುದು ಯಾವಾಗ?"

"ಬರುವ ವರ್ಷ ನೋಡ್ಬೇಕು." ಅವನು ಹುಟ್ಟುವ ಮೊದಲಿನಿಂದಲೂ ನಾನು ಊರಿನವರಿಗೆ ಕೊಡುತ್ತ ಬಂದ ಉತ್ತರ ಅದು.

"ಕೊನೆ ಗಳಿಗೆಗೆ ಇಟ್ಕೊಳ್ಬೇಡಿ ಅಪ್ಪಾ. ಒಂದು ಫೈಲು ಮಾಡಿ."

ಹೆಂಡತಿ ಆಗಲೇ ಬಕಾಲಾ ಅಂಗಡಿಗೆ ಫೋನು ಹಚ್ಚಿದ್ದಳು. ಹಳದಿ ಮಾತ್ರ ಉಳಿದಿದೆಯಂತೆ.