ಫಯರಣ್ಣ

ಹಳೆಯ ಸ್ಕೂಟರು. ಕಾಲಿಡುವ ಜಾಗದಲ್ಲಿ ಬೆಂಕಿ ಆರಿಸುವ ಎರಡು ಕೆಂಪು ಸಿಲಿಂಡರು, ಹಿಂದಿನ ಸೀಟಿಗೆ ಹಗ್ಗ ಬಿಗಿದು ಇನ್ನೆರಡು, ಹ್ಯಾಂಡಲಿಗೆ ನೇತುಹಾಕಿದ ಬುತ್ತಿಚೀಲ. ಹಂಪ್ ಬಂತೆಂದರೆ ಹಿಂದಿನ ಕಾರಿನವರು ಹಾರ್ನ್ ಹೊಡೆಯುವುದನ್ನೂ ಬಿಟ್ಟು ತೆಪ್ಪಗೆ ಹಿಂದೆ ಉಳಿಯುತ್ತಾರೆ. ಮಂಗಳೂರಿನ ದಕ್ಕೆಯಿಂದ ಕದ್ರಿಯ ಫ್ಲ್ಯಾಟುಗಳವರೆಗೆ ಇವರು ಎಲ್ಲರಿಗೂ ಫಯರಣ್ಣ. ನಿಜವಾದ ಹೆಸರು ಬಿಲ್ಲಿನಲ್ಲಿ ಉಂಟು. ಬಿಲ್ಲಿನಲ್ಲಿ ಮೊತ್ತ ಬಿಟ್ಟು ಬೇರೇನನ್ನೂ ಯಾರೂ ಓದುವುದಿಲ್ಲ.

ಮಾತಿಗೆ ನಿಂತರೆ ಫಯರಣ್ಣ ನಮ್ಮ ಮುಖ ನೋಡುವುದಿಲ್ಲ, ನಮ್ಮ ಹಿಂದಿನ ಗೋಡೆ ನೋಡುತ್ತಾರೆ. ಬ್ಯಾಂಕಾಗಲಿ, ಕ್ಲಿನಿಕ್ಕಾಗಲಿ, ಸಿಲಿಂಡರ್ ಕಂಡಲ್ಲಿ ಕೈ ತಾನಾಗಿ ಹೋಗಿ ಗೇಜಿನ ಗಾಜಿಗೆ ಉಗುರಿನಿಂದ ಟಕ್ಕೆಂದು ತಟ್ಟುತ್ತದೆ. ಮುಳ್ಳು ಹಸಿರಿನಲ್ಲೇ ನಿಂತಿದ್ದರೂ ಸಮಾಧಾನವಿಲ್ಲ. ‘ಮುಳ್ಳು ಹೇಳುವುದು ಪ್ರೆಶರಿನ ಸುದ್ದಿ ಮಾರಾಯ್ರೆ, ಪುಡಿಯ ಸುದ್ದಿ ಅಲ್ಲ’ ಎನ್ನುತ್ತ ಸಿಲಿಂಡರನ್ನು ತಲೆಕೆಳಗು ಮಾಡಿ ಕಿವಿಗೆ ಆನಿಸುತ್ತಾರೆ. ಒಳಗಿನ ಪುಡಿ ಸರ್ರನೆ ಜಾರಿತೋ, ಮುಖ ಅರಳುತ್ತದೆ. ಸದ್ದಿಲ್ಲವೆಂದರೆ ಪುಡಿ ಗಟ್ಟಿಕಟ್ಟಿದೆ. ರಬ್ಬರ್ ಸುತ್ತಿಗೆಯಿಂದ ತಳಕ್ಕೆ ನಾಲ್ಕು ಬೀಳುತ್ತವೆ. ಸಿಒಟು ಸಿಲಿಂಡರಿಗಾದರೋ ಗೇಜೇ ಇಲ್ಲ. ಅದನ್ನು ಕೊಕ್ಕೆಗೆ ನೇತುಹಾಕಿ ತೂಗಬೇಕು, ಮೈಮೇಲೆ ಅಚ್ಚೊತ್ತಿದ ಖಾಲಿ ತೂಕವನ್ನು ಕಳೆಯಬೇಕು. ಹತ್ತರಲ್ಲೊಂದು ಪಾಲು ಗ್ಯಾಸ್ ಹೋಗಿದ್ದರೆ ರೀಫಿಲ್. ಯಾರಾದರೂ ತಕರಾರು ತೆಗೆದರೆ ‘ಐಎಸ್ 2190’ ಎನ್ನುತ್ತಾರೆ, ಭಟ್ಟರು ಶಾಸ್ತ್ರ ಹೇಳುವ ಧಾಟಿಯಲ್ಲಿ.

ಆದರೆ ಫ್ಲ್ಯಾಟಿನವರಿಗೆ ಬೇಕಾದದ್ದು ಪುಡಿಯಲ್ಲ, ಚೀಟಿ. ಅರ್ಧ ರೇಟಿನ ಸರ್ವೀಸಿನವರೂ ಪೇಟೆಯಲ್ಲಿದ್ದಾರೆ. ಒಂದು ಒದ್ದೆ ಬಟ್ಟೆ, ಒಂದು ಕಟ್ಟು ಸ್ಟಿಕ್ಕರ್ ಹಿಡಿದು ಬಂದರೆ ಚಹಾ ಆರುವಷ್ಟರಲ್ಲಿ ಐದು ಮಹಡಿ ಮುಗಿಸುತ್ತಾರೆ. ಜನರಲ್ ಬಾಡಿ ಮೀಟಿಂಗಿನಲ್ಲಿ ಅಂಥವರ ಕೊಟೇಶನ್ನಿಗೇ ಚಪ್ಪಾಳೆ. ಫಯರಣ್ಣ ಪಟ್ಟು ಬಿಡದೆ ಒಂದೊಂದನ್ನೇ ಬಿಚ್ಚುತ್ತಾರೆ. ಎರಡನೇ ಮಹಡಿಯದ್ದರ ಹಾರ್ನಿನೊಳಗೆ ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿದೆ. ನಾಲ್ಕನೆಯದರ ಬೀಗ ಹಾಕಿದ ಗಾಜಿನ ಪೆಟ್ಟಿಗೆಯ ಕೀ ಹಳೆಯ ಸೆಕ್ರೆಟರಿಯ ಹತ್ತಿರ, ಅವರು ಮಸ್ಕತ್ತಿನಲ್ಲಿ. ಕೆಳಗಿನದ್ದು ಜನರೇಟರ್ ಕೋಣೆಯ ಬಾಗಿಲು ಬಡಿಯದಂತೆ ಅಡ್ಡ ಕೂತಿದೆ. ‘ಮಗು ಸ್ವಲ್ಪವೇ ಒತ್ತಿದ್ದು’ ಎಂದು ತಾಯಿಯೊಬ್ಬರು ಸಮಜಾಯಿಷಿ ಕೊಡುತ್ತಾರೆ. ಸ್ವಲ್ಪ ಒತ್ತಿದರೂ ವಾಲ್ವಿನಲ್ಲಿ ಪುಡಿ ಕೂತು ಪ್ರೆಶರ್ ಸೋರಿಹೋಗುತ್ತದೆಂದು ಫಯರಣ್ಣ ವಿವರಿಸುವಷ್ಟರಲ್ಲಿ ಲಿಫ್ಟು ಮೇಲೆ ಹೋಗಿರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ. ಊರಿಗೆ ಮೀನಿನ ಬರ, ಫಯರಣ್ಣನಿಗೆ ಸುಗ್ಗಿ. ಬೋಟಿನಲ್ಲಿ ಸಿಲಿಂಡರ್ ಹುಡುಕುವುದೇ ಅರ್ಧ ಕೆಲಸ. ಎಂಜಿನ್ ಕೋಣೆಯ ತೀರಾ ಒಳಮೂಲೆಯಲ್ಲಿ, ಯಾರದೋ ರೇನ್‌ಕೋಟಿನಡಿ ಅದು ಸಿಗುತ್ತದೆ. ‘ಬೆಂಕಿ ಹತ್ತಿದರೆ ಇದನ್ನು ತರಲಿಕ್ಕೆ ಬೆಂಕಿಯನ್ನೇ ದಾಟಿ ಹೋಗುವುದಾ? ಬಾಗಿಲ ಹತ್ತಿರ ಇಡಿ’ ಎಂದರೆ, ತಾಂಡೇಲನ ಉತ್ತರ ಸಿದ್ಧ: ‘ಸುತ್ತ ಇಷ್ಟು ನೀರು ಉಂಟಲ್ಲ ಅಣ್ಣ!’

‘ಡೀಸೆಲಿಗೆ ನೀರು ಹೊಯ್ದು ನೋಡಿ. ಬೆಂಕಿ ನೀರಿನ ಮೇಲೆ ತೇಲಿಕೊಂಡು ನಿಮ್ಮ ಕಾಲಬುಡಕ್ಕೇ ಬರ್ತದೆ.’

ಉಪ್ಪುಗಾಳಿ ತಳವನ್ನು ತಿಂದು ಹಾಕಿರುತ್ತದೆ. ಎತ್ತಿದರೆ ಬಣ್ಣದ ಚಕ್ಕೆ ಅಂಗೈಗೆ ಬರುತ್ತದೆ. ಮೂರು ವರ್ಷಕ್ಕೊಮ್ಮೆ ನೀರು ತುಂಬಿ 35 ಕೇಜಿ ಪ್ರೆಶರಿನಲ್ಲಿ ಪರೀಕ್ಷಿಸಬೇಕಾದ ಸಿಲಿಂಡರಿದು. ‘ಇದನ್ನು ಟೆಸ್ಟಿಗೆ ಹಾಕಿದರೆ ಇದು ಫೇಲ್, ನಾನು ವೆನ್‌ಲಾಕ್’ ಎಂದು ಆಸ್ಪತ್ರೆಯ ದಿಕ್ಕು ತೋರಿಸುತ್ತಾರೆ.

ಏಪ್ರಿಲಿನ ಅಗ್ನಿಶಾಮಕ ಸಪ್ತಾಹದಲ್ಲಿ ಫಯರಣ್ಣನಿಗೆ ಮೈಕ್ ಸಿಗುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸ್ಫೋಟಕ ತುಂಬಿದ ಹಡಗು ಸಿಡಿದದ್ದು, ಬೆಂಕಿ ಆರಿಸಲು ಹೋದ ಅಗ್ನಿಶಾಮಕರು ಸತ್ತದ್ದು ಎಲ್ಲವನ್ನೂ ಹೇಳಬೇಕೆಂದು ಬಂದಿರುತ್ತಾರೆ. ಹಡಗು ಬಂದರಿಗೆ ಬರುವ ಮೊದಲೇ ಅಂಬಡೆ ಬರುತ್ತದೆ, ಸಭೆ ಅತ್ತ ತಿರುಗುತ್ತದೆ. ಆಮೇಲೆ ಪ್ರಾತ್ಯಕ್ಷಿಕೆ. ಅರ್ಧ ಕೊಯ್ದ ಡ್ರಮ್ಮಿನಲ್ಲಿ ಡೀಸೆಲ್ ಉರಿಯುತ್ತದೆ, ಎಲ್ಲರೂ ಮೊಬೈಲ್ ಎತ್ತುತ್ತಾರೆ. ಉದ್ಘಾಟಕರಾದ ಅಧ್ಯಕ್ಷರು ಪಿನ್ ಎಳೆಯದೆಯೇ ಹಿಡಿಯನ್ನು ಒತ್ತುತ್ತಾರೆ, ಸಿಲಿಂಡರಿಗಿಂತ ಕೆಂಪಾಗುತ್ತಾರೆ. ಪಿನ್ ಎಳೆದುಕೊಟ್ಟರೆ ಉರಿಯ ಬುಡ ಬಿಟ್ಟು ತುದಿಗೆ ಹೊಡೆಯುತ್ತಾರೆ. 6 ಕೇಜಿ ಪುಡಿ ಅರ್ಧ ನಿಮಿಷವೂ ಬಾಳುವುದಿಲ್ಲ. ಮೋಡ ಕರಗಿದಾಗ ಡ್ರಮ್ಮು ಉರಿಯುತ್ತಲೇ ಇರುತ್ತದೆ, ಆಗಷ್ಟೇ ತೊಳೆದು ನಿಲ್ಲಿಸಿದ್ದ ಖಜಾಂಚಿಯ ಕಾರು ಹಳದಿಯಾಗಿರುತ್ತದೆ. ಆ ವರ್ಷದ ಬಿಲ್ಲು ಪಾಸಾಗಲು ದೀಪಾವಳಿಯವರೆಗೆ ಕಾಯಬೇಕು.

ಈಚೆಗೆ ಒಂದು ಮದುವೆಯ ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ದರು. ಅನ್ನಕ್ಕೆ ಸಾರು ಬೀಳುವಾಗ ಅವರ ಕಣ್ಣು ಹಾಲಿನ ಸ್ವಿಚ್‌ಬೋರ್ಡಿನ ಬಳಿ, ಹೂವಿನ ಅಲಂಕಾರದ ಹಿಂದೆ ಅರೆ ಅಡಗಿದ್ದ ಸಿಒಟು ಮೇಲೆ ನಿಂತಿತು. ಮ್ಯಾನೇಜರರನ್ನು ಸನ್ನೆಯಲ್ಲೇ ಕರೆದರು.

‘ಇದರ ಡೇಟ್ ಹೋದ ವರ್ಷವೇ ಮುಗಿದಿದೆ.’

‘ಒಂದು ಹೊಸ ಸ್ಟಿಕ್ಕರ್ ಅಂಟಿಸಿ ಬಿಡಿ ಅಣ್ಣ, ಸಂಜೆ ರಿಸೆಪ್ಶನ್ ಉಂಟು.’

ಪಂಕ್ತಿಯ ನಡುವೆ ಏಳಬಾರದು ಎಂಬುದು ಮರೆತೇಹೋಯಿತು. ಫಯರಣ್ಣ ಎದ್ದೇಬಿಟ್ಟರು, ತೂಕದ ಕೊಕ್ಕೆ ತರಲು ಸ್ಕೂಟರಿನತ್ತ ಹೊರಟರು. ಹೋಳಿಗೆ ಬಡಿಸುವವನು ಖಾಲಿ ಜಾಗದೆದುರು ಅನುಮಾನಿಸಿ ನಿಂತ. ಅವರ ಪಾಲಿನದ್ದನ್ನೂ ನನ್ನ ಎಲೆಗೇ ಹಾಕಿಸಿಕೊಂಡೆ.