ಶೀತಸಹಿಷ್ಣು ಜೂನಿಪರಿನ ತಾಪ-ಆರ್ದ್ರತಾಪೇಕ್ಷೆಗಳು: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಒಂದು ಗಿಡ; ಮಿತಿ ಒಂದು ಕುಂಡ. ಗಿಡ ಯಾವುದೆಂದರೆ ಜುನಿಪೆರಸ್ ಹಾರಿಜಾಂಟಾಲಿಸ್, ಅಂದರೆ ನೆಲಕ್ಕೆ ಮೈಚಾಚಿ ಹಬ್ಬುವ ಜೂನಿಪರ್. ಅಲಾಸ್ಕ, ಕೆನಡಾ ಮತ್ತು ಅಮೆರಿಕದ ಉತ್ತರ ಸೀಮೆ ಇದರ ತವರು. ಈ ವಿಷಯದಲ್ಲಿ ಸಾಕಷ್ಟು ಅಧ್ಯಯನಗಳು ನಡೆದಿದ್ದಾಗ್ಯೂ ಇನ್ನೂ ನಡೆಯಬೇಕಾದ ಅಗತ್ಯವಿದೆ ಎಂದು ಅವೆಲ್ಲವೂ ಕೊನೆಯಲ್ಲಿ ಹೇಳುತ್ತವೆ. ಪುಟ ಉಳಿಸುವ ಸಲುವಾಗಿ ನಾವು ಮೊದಲಲ್ಲೇ ಹೇಳಿಬಿಟ್ಟಿದ್ದೇವೆ.

ತಾಪಮಾನವನ್ನು ಬಹುಶಿಸ್ತೀಯ ಚೌಕಟ್ಟಿನಲ್ಲಿ ಏಳು ವಿಧವಾಗಿ ವಿಂಗಡಿಸಲಾಗಿದೆ. ಮೊದಲನೆಯದು ಸಹ್ಯತಾಪ: ಗಿಡ ಸಾಯದೆ ತಡೆದುಕೊಳ್ಳುವಂಥದ್ದು. ಎರಡನೆಯದು ಇಷ್ಟತಾಪ: ಗಿಡ ಬೆಳೆಯುವಂಥದ್ದು. ಮೂರನೆಯದು ಚೀಟಿತಾಪ: ಕುಂಡಕ್ಕೆ ಕಟ್ಟಿದ ಚೀಟಿಯಲ್ಲಿ ಅಚ್ಚಾಗಿರುವಂಥದ್ದು. ಮೂರನೆಯದಕ್ಕೂ ಮೊದಲೆರಡಕ್ಕೂ ಸಂಬಂಧ ಇರಲೇಬೇಕೆಂಬ ನಿಯಮವಿಲ್ಲ.

ಚೀಟಿತಾಪದ ಆಕರಗ್ರಂಥ ಅಮೆರಿಕದ ಕೃಷಿ ಇಲಾಖೆಯ ವಲಯ ನಕ್ಷೆ. 1960ರಲ್ಲಿ ಮೊದಲು ಹೊರಬಂದು, 2023ರಲ್ಲಿ ಮತ್ತೆ ಪರಿಷ್ಕಾರಗೊಂಡ ಈ ನಕ್ಷೆ ಹೇಳುವುದು ಒಂದೇ ಮಾತು: ಒಂದು ಊರಿನಲ್ಲಿ ವರ್ಷದ ಕಡುಚಳಿಯ ರಾತ್ರಿ ಸರಾಸರಿ ಎಲ್ಲಿಯವರೆಗೆ ಇಳಿಯುತ್ತದೆ. 3ನೇ ವಲಯವೆಂದರೆ ಸುಮಾರು ಮೈನಸ್ 34ರಿಂದ ಮೈನಸ್ 40 ಡಿಗ್ರಿ ಸೆಲ್ಸಿಯಸ್. ನಮ್ಮ ಗಿಡ ಅಲ್ಲಿ ಬದುಕುತ್ತದೆ. ನಕ್ಷೆ ಬೇಸಿಗೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ, ಗಾಳಿಯ ತೇವದ ಬಗ್ಗೆಯೂ ಇಲ್ಲ. ಬಿಚ್ಚುತ್ತೇನೆಂದು ಅದು ಮಾತು ಕೊಟ್ಟದ್ದೂ ಇಲ್ಲ. ನಮ್ಮ ಚೀಟಿಕಾರರು ಮಾತ್ರ ‘ಮೈನಸ್ 40ರಲ್ಲೂ ಬದುಕುವ ಗಿಡ’ ಎಂಬಲ್ಲಿಂದ ‘ಎಲ್ಲಿಟ್ಟರೂ ಬದುಕುವ ಗಿಡ’ ಎಂಬಲ್ಲಿಗೆ ಒಂದೇ ನೆಗೆತಕ್ಕೆ ಹಾರುತ್ತಾರೆ. ಹಿಮಾಲಯದಲ್ಲಿ ತಪಸ್ಸು ಮಾಡಿ ಬಂದವನಿಗೆ ಮೇ ತಿಂಗಳ ರಾಯಚೂರು ಯಾವ ಲೆಕ್ಕ ಎಂದ ಹಾಗೆ.

ಇನ್ನು ಆರ್ದ್ರತಾ ಸಂಕಥನ. ‘ಮಧ್ಯಮ ಆರ್ದ್ರತೆ, ಶೇ 40-60’ ಎಂಬುದು ಈ ಕ್ಷೇತ್ರದ ಮಹಾವಾಕ್ಯ. 0 ಡಿಗ್ರಿಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯ ಒತ್ತಡ ಸುಮಾರು 6 ಹೆಕ್ಟೊಪಾಸ್ಕಲ್; 30 ಡಿಗ್ರಿಯಲ್ಲಿ ಸುಮಾರು 42. ಎರಡು ಕಡೆಯೂ ಆರ್ದ್ರತೆ ಶೇ 50 ಎಂದಿಟ್ಟುಕೊಳ್ಳಿ. ಎಲೆಯಿಂದ ನೀರು ಹೀರಲು ಗಾಳಿಗೆ ಇರುವ ಆಸೆ ಅಲ್ಲಿ 3, ಇಲ್ಲಿ 21. ಚೀಟಿಯ ಪ್ರಕಾರ ಇವೆರಡೂ ಒಂದೇ! ಉಷ್ಣಾಂಶ ಎಷ್ಟೆಂದು ಹೇಳದೆ ಆರ್ದ್ರತೆಯ ಶೇಕಡಾವಾರು ಮಾತ್ರ ಹೇಳುವವರಿಂದ ಗಿಡ ಕೊಳ್ಳಬಾರದು.

ನಿಜ ಹೇಳಬೇಕೆಂದರೆ ಜೂನಿಪರಿಗೆ ಗಾಳಿಯ ತೇವದ ಹಂಬಲವೇ ಇಲ್ಲ. ಮೇಣ ಮೆತ್ತಿದ ಪುಟ್ಟ ಎಲೆಗಳು, ಬರಗಾಲದಲ್ಲೂ ನೀರಿನೆಳೆ ಕಡಿಯದಂತೆ ಹಿಡಿದುಕೊಳ್ಳುವ ಮರದ ಒಳನಾಳಗಳು, ಇವೆಲ್ಲ ಒಣಹವೆಗೆಂದೇ ಆದವು. ಲಡಾಖಿನಲ್ಲಿ ಹೆಮಿಸ್ ಶುಕ್ಪಾಚನ್ ಎಂಬ ಊರಿದೆ. ಆ ಹೆಸರು ಬಂದದ್ದೇ ಅಲ್ಲಿನ ಜೂನಿಪರ್ ತೋಪಿನಿಂದ. ಅಲ್ಲಿಗೆ ಹತ್ತಿರದ ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ–ಹಿಮ ಬಿದ್ದರೆ ಹೆಚ್ಚು. ಆ ಮರಗಳಿಗೆ ಯಾರೂ ಬೆಳಿಗ್ಗೆ ಸಂಜೆ ಸ್ಪ್ರೇ ಬಾಟಲಿ ಹಿಡಿದು ಬರುವುದಿಲ್ಲ. ಚೀಟಿಯ ಮಾತು ನಂಬಿ ನೀರು ಚಿಮುಕಿಸುತ್ತಾ ಹೋದರೆ, ಒದ್ದೆ ಎಲೆಗಾಗಿಯೇ ಕಾದಿರುವ ಫೊಮಾಪ್ಸಿಸ್ ಶಿಲೀಂಧ್ರ ಬಂದು ತುದಿಗಳನ್ನು ಕಂದಾಗಿಸುತ್ತದೆ. ಕುಂಡದ ಮಣ್ಣು ಸದಾ ನೆನೆದಿದ್ದರೆ ಬೇರು ಕೊಳೆಯುತ್ತದೆ.

ತಾಪಮಾನದ ಉಳಿದ ನಾಲ್ಕು ವಿಧಗಳನ್ನು ಈ ಹಂತದಲ್ಲಿ ವಿವರಿಸಬೇಕಿತ್ತು. ಬಿಡಿ, ಅವು ಇರಲೇ ಇಲ್ಲ.

ಯಾವ ಚೀಟಿಯೂ ಬರೆಯದ ಸಂಗತಿ ಬೇರೆ ಇದೆ. ಚಳಿ ತಡೆಯುವ ಶಕ್ತಿ ಈ ಗಿಡಕ್ಕೆ ಹುಟ್ಟಿನೊಂದಿಗೆ ಬಂದು ಸದಾ ಮೈಮೇಲಿರುವ ಕವಚವಲ್ಲ. ವರ್ಷವರ್ಷವೂ ಅದನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ಹಗಲು ಗಿಡ್ಡವಾಗುತ್ತಿದ್ದಂತೆ ಬೆಳವಣಿಗೆ ನಿಲ್ಲುತ್ತದೆ. ರಾತ್ರಿಗಳು ತಣ್ಣಗಾಗುತ್ತಾ ಹೋದಂತೆ ಜೀವಕೋಶಗಳಲ್ಲಿ ಸಕ್ಕರೆ ಕೂಡುತ್ತದೆ. ಹಿಮ ಕಟ್ಟಿದಾಗ ನೀರು ಕೋಶದ ಹೊರಗೆ ಸರಿದು ಅಲ್ಲೇ ಗಟ್ಟಿಯಾಗುತ್ತದೆ, ಕೋಶ ಸಿಡಿಯುವುದಿಲ್ಲ. ಇದಕ್ಕೆ ವಾರಗಟ್ಟಲೆ ಬೇಕು. ಜನವರಿಯಲ್ಲಿ ಮೈನಸ್ 40ಕ್ಕೂ ಜಗ್ಗದ ಕೊಂಬೆ, ಜುಲೈಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಹಿಮಕ್ಕೆ ಸತ್ತೀತು. ಬೇರುಗಳಂತೂ ಎಂದಿಗೂ ಕೊಂಬೆಯಷ್ಟು ಗಟ್ಟಿಯಲ್ಲ. ಚಳಿಯನ್ನು ಈ ಗಿಡ ಸಹಿಸುತ್ತದೆ ಎನ್ನುವುದು ಅರ್ಧ ಮಾತು. ಅದಕ್ಕೆ ಚಳಿಗಾಲ ಬೇಕು, ದುಡಿದವನಿಗೆ ರಾತ್ರಿ ಬೇಕಾದಷ್ಟೇ ಸಹಜವಾಗಿ.

ಬೆಂಗಳೂರಿನಲ್ಲಿ ದಾಖಲಾದ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರಲ್ಲಿ. ಇಂಥ ಊರಿನ ಆಫೀಸು ಮೇಜುಗಳಿಗೆ ಜೂನಿಪರ್ ಬೋನ್ಸಾಯ್ ಉಡುಗೊರೆಯಾಗಿ ಬರುತ್ತದೆ. ಹೆಚ್ಚಾಗಿ ಅದು ಜಪಾನಿನ ದಾಯಾದಿ ಪ್ರೊಕಂಬೆನ್ಸ್. ಜಾತಿ ಬೇರೆಯಾದರೂ ಬಿಸಿಲಿನ, ಬಯಲಿನ ಹಠ ಅದೇ. ಮೇಲೆ ‘ಒಳಾಂಗಣ ಸಸ್ಯ’ ಎಂಬ ಚೀಟಿ. ವರ್ಷವಿಡೀ 24 ಡಿಗ್ರಿಯ ಏಸಿ, ಟ್ಯೂಬ್‌ಲೈಟು, ಬಿಸಿಲಿಲ್ಲ, ಹಗಲು–ರಾತ್ರಿಯ ವ್ಯತ್ಯಾಸವಿಲ್ಲ. ಅಲ್ಲಿ ಅದು ಸಾಯುತ್ತದೆ. ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುವುದು ಜೂನಿಪರಿನ ಗುಣ. ಹಾಗಾಗಿ ಪಾಪ, ಕೊಂಡವರು ಹೆಣಕ್ಕೆ ನೀರು ಹಾಕುತ್ತಿರುತ್ತಾರೆ. ಎಲೆ ಉದುರಲು ತೊಡಗಿದಾಗ ‘ನನ್ನ ಕೈಗುಣವೇ ಸರಿಯಿಲ್ಲ’ ಎಂದುಕೊಳ್ಳುತ್ತಾರೆ. ಕೈಗುಣದ್ದೇನೂ ತಪ್ಪಿಲ್ಲ. ಬದುಕಲಾರದೆಂದು ಗೊತ್ತಿದ್ದೂ ಮಾರಿದರಲ್ಲ, ತಪ್ಪು ಅವರದು. ಗಿಡ ಸಾಯುವಷ್ಟರಲ್ಲಿ ಬಿಲ್ಲು ಕಳೆದಿರುತ್ತದೆ, ಹೊಸ ಗಿಡಕ್ಕೆ ರಿಯಾಯಿತಿ ಬಂದಿರುತ್ತದೆ. ಜೀವ ಇರುವ ವಸ್ತುವನ್ನು ಹೂದಾನಿಯ ಹಾಗೆ ಮಾರುವ ಈ ದಂಧೆಗೆ ತಾತ್ವಿಕ ಚೌಕಟ್ಟು ಹುಡುಕುವ ತಾಳ್ಮೆ ನನಗಿಲ್ಲ.

ಈಗಾಗಲೇ ಯಾರಾದರೂ ಕೊಟ್ಟಿದ್ದರೆ ದಯವಿಟ್ಟು ಇವತ್ತೇ ಅದನ್ನು ಬಾಲ್ಕನಿಗೋ ತಾರಸಿಗೋ ಒಯ್ಯಿರಿ. ಒಮ್ಮೆಗೇ ಉರಿಬಿಸಿಲಿಗೆ ಇಡದೆ, ದಿನ ಕಳೆದಂತೆ ಬಿಸಿಲು ಹೆಚ್ಚಿಸಿ. ಮಣ್ಣಿಗೆ ಬೆರಳಿಟ್ಟು, ಮೇಲ್ಪದರ ಒಣಗಿದ್ದರೆ ಮಾತ್ರ ನೀರು ಹಾಕಿ, ಎಲೆಗೆ ಬೇಡ. ಇನ್ನೂ ಕೊಂಡಿಲ್ಲವಾದರೆ ಕೊಳ್ಳಬೇಡಿ. ಮೇಜಿನ ಮೇಲೆ ಹಸಿರು ಬೇಕೇ ಬೇಕೆನ್ನುವವರಿಗೆ ಮನಿಪ್ಲಾಂಟ್ ಇದೆ, ಅದು ಬಾಟಲಿ ನೀರಿನಲ್ಲೂ ಬದುಕುತ್ತದೆ.